ಮುರುಗಲು ಸಿರಪ್ ಮಾರಾಟ: ಕೊಂಡವರ ಮಾತನ್ನು ಹೊಸ ಗಿರಾಕಿಗಳ ಮುಂದಿಡುವುದು ಹೇಗೆ?

ಪ್ರಶ್ನೆ: ಘಟ್ಟದಬುಡ, ಕುಮಟಾ

ದೇವಿಮನೆ ಘಟ್ಟ ಇಳಿದ ಮೇಲೆ ಕುಮಟಾ ಕಡೆಗೆ ಸಿಗುವ ಊರೊಂದರಲ್ಲಿ ನಮ್ಮ ಮನೆಯವರೆಲ್ಲ ಸೇರಿ ಮುರುಗಲು (ಕೋಕಂ, ಪುನರ್ಪುಳಿ ಎಂದೂ ಕರೆಯುವ ಹುಳಿ ಹಣ್ಣು) ಸಿರಪ್, ಒಣಗಿಸಿದ ಮುರುಗಲು ಸಿಪ್ಪೆ ಮತ್ತು ಜೋನಿ ಬೆಲ್ಲವನ್ನು ಮಾರುತ್ತೇವೆ. ಊರಿನವರು ಇವನ್ನು ಕೊಳ್ಳುವುದು ಕಡಿಮೆ. ಬೇಸಿಗೆಯಲ್ಲಿ ಮನೆಮನೆಯಲ್ಲೂ ಮಾಡಿಟ್ಟುಕೊಳ್ಳುತ್ತಾರೆ. ನಮ್ಮ ಗಿರಾಕಿಗಳು ಹುಬ್ಬಳ್ಳಿ, ಬೆಂಗಳೂರು ಕಡೆಯವರು. ಅವರಲ್ಲಿ ಹಲವರು ಮುರುಗಲನ್ನು ಮೊದಲು ಕಂಡದ್ದೇ ಗೋಕರ್ಣಕ್ಕೋ ಮುರ್ಡೇಶ್ವರಕ್ಕೋ ಬಂದಾಗ. ಒಮ್ಮೆ ಕೊಂಡವರು ಮತ್ತೆ ತರಿಸಿಕೊಳ್ಳುತ್ತಾರೆ. ಮೊದಲ ಬಾಟಲಿಯನ್ನು ಕೊಳ್ಳುವಂತೆ ಮಾಡುವುದೇ ಕಷ್ಟ.

ಪ್ರಚಾರದ ಕೆಲಸ ಮಾಡುವ ಒಬ್ಬರು ಇತ್ತೀಚೆಗೆ ನಮ್ಮನ್ನು ಭೇಟಿಯಾಗಿ, ಈಗಿನ ಮಾರುಕಟ್ಟೆಯಲ್ಲಿ ‘ಸೋಶಿಯಲ್ ಪ್ರೂಫ್’ ಇಲ್ಲದೆ ಏನೂ ನಡೆಯದೆಂದೂ, ಇನ್ನೂರು ಫೈವ್ ಸ್ಟಾರ್ ರಿವ್ಯೂಗಳನ್ನು ತಾವೇ ಹಾಕಿಸಿಕೊಡುವುದಾಗಿಯೂ, ಲೇಬಲ್ ಮೇಲೆ ‘ಸಾವಿರಾರು ಸಂತೃಪ್ತ ಗ್ರಾಹಕರು’ ಎಂದು ಮುದ್ರಿಸುವುದು ಒಳ್ಳೆಯದೆಂದೂ ಹೇಳಿದರು. ನಮ್ಮಿಂದ ಕೊಳ್ಳುವ ಮನೆಗಳು ನೂರರ ಆಸುಪಾಸಿನಲ್ಲಿವೆ. ಇಲ್ಲದ್ದನ್ನು ಹೇಳಲು ಮನೆಯಲ್ಲಿ ಯಾರಿಗೂ ಮನಸ್ಸಿಲ್ಲ. ಆದರೆ ಇಷ್ಟು ಕಡಿಮೆ ಗಿರಾಕಿಗಳಿರುವವರು ‘ಬೇರೆಯವರೂ ಕೊಂಡಿದ್ದಾರೆ, ನೀವೂ ಕೊಳ್ಳಬಹುದು’ ಎಂಬ ಧೈರ್ಯವನ್ನು ಹೊಸಬರಿಗೆ ಕೊಡುವುದು ಹೇಗೆ? ಈ ವಿಷಯ ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ 1: ಗಂಗಾವಳಿ ದಂಡೆ, ಅಂಕೋಲಾ

ಅವರು ಹೇಳಿದ ತತ್ವ ಸರಿಯಾಗಿಯೇ ಇದೆ. ತೋರಿಸಿದ ದಾರಿ ಕೆಟ್ಟದ್ದು. ಹೇಗೆ ನಡೆದುಕೊಳ್ಳಬೇಕೆಂದು ತಿಳಿಯದಾದಾಗ ನಾವು ಸುತ್ತಲಿನವರನ್ನು ನೋಡಿ ತೀರ್ಮಾನಿಸುತ್ತೇವೆ ಎಂಬುದನ್ನು ಅಮೆರಿಕದ ಮನಃಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ 1984ರಲ್ಲಿ ‘ಸೋಶಿಯಲ್ ಪ್ರೂಫ್’ ಎಂಬ ಹೆಸರಿನಲ್ಲಿ ವಿವರಿಸಿದರು. ಅದಕ್ಕೂ ಮುಂಚೆ, 1969ರಲ್ಲಿ, ಸ್ಟ್ಯಾನ್ಲಿ ಮಿಲ್‌ಗ್ರಾಂ ಮತ್ತು ಸಂಗಡಿಗರು ನ್ಯೂಯಾರ್ಕಿನ ಕಾಲುದಾರಿಯಲ್ಲಿ ನಡೆಸಿದ ಪ್ರಯೋಗವೊಂದು ಪ್ರಕಟವಾಗಿತ್ತು. ಒಬ್ಬನೇ ನಿಂತು ಎದುರಿನ ಕಟ್ಟಡದ ಕಿಟಕಿಯನ್ನು ನೋಡುತ್ತಿದ್ದಾಗ ದಾರಿಹೋಕರಲ್ಲಿ ಶೇ. 4 ಮಂದಿ ನಿಂತರು. ಹದಿನೈದು ಜನ ನೋಡುತ್ತಿದ್ದಾಗ ಶೇ. 40 ಮಂದಿ ನಿಂತರು. ಮಾವಿನ ಕಾಲದಲ್ಲಿ ಅಂಕೋಲೆಯ ಹೆದ್ದಾರಿಯಂಚಿನಲ್ಲಿ ಇಶಾಡು ಎಂಬ ಜಾತಿಯ ಮಾವಿನ ಬುಟ್ಟಿಗಳನ್ನು ಇಟ್ಟುಕೊಂಡು ಕುಳಿತ ಹೆಂಗಸರನ್ನು ನೀವು ನೋಡಿರುತ್ತೀರಿ. ಹಣ್ಣು ಎಲ್ಲ ಬುಟ್ಟಿಗಳಲ್ಲೂ ಒಂದೇ ತೆರನಾಗಿದ್ದರೂ ಹೊರಗಿನವರ ಕಾರು ಹೋಗಿ ನಿಲ್ಲುವುದು ಆಗಲೇ ಎರಡು ಕಾರುಗಳು ನಿಂತಿರುವ ಬುಟ್ಟಿಯ ಮುಂದೆ. ಊರಿನವರು ಮಾತ್ರ ಹಾಗೆ ಮಾಡುವುದಿಲ್ಲ. ಹಣ್ಣನ್ನು ಕೈಯಲ್ಲಿ ಹಿಡಿದು, ತೊಟ್ಟಿನ ಬಳಿ ಮೂಸಿ, ತಮಗೆ ಬೇಕಾದ ಬುಟ್ಟಿಗೆ ಹೋಗುತ್ತಾರೆ.

ನಿಮ್ಮ ಪ್ರಶ್ನೆಗೆ ಬೇಕಾದ ಉತ್ತರ ಈ ವ್ಯತ್ಯಾಸದಲ್ಲೇ ಇದೆ ಎಂದು ನನ್ನ ಭಾವನೆ. ಸಾಕ್ಷಿ ಬೇಕಾಗುವುದು ಸಂದೇಹವಿರುವವನಿಗೆ, ಮತ್ತು ಆ ಸಾಕ್ಷಿ ತನ್ನಂಥವನಿಂದ ಬಂದರೆ ಮಾತ್ರ ಅವನ ಮನಸ್ಸಿಗೆ ಹಿಡಿಸುತ್ತದೆ. ಹೋಟೆಲುಗಳಲ್ಲಿ ಟವೆಲನ್ನು ಮರುಬಳಕೆ ಮಾಡಿಸುವ ಬಗ್ಗೆ 2008ರಲ್ಲಿ ಗೋಲ್ಡ್‌ಸ್ಟೈನ್, ಚಾಲ್ಡೀನಿ ಮತ್ತು ಗ್ರಿಸ್ಕೆವಿಸಿಯಸ್ ಪ್ರಕಟಿಸಿದ ಅಧ್ಯಯನದಲ್ಲಿ, ಪರಿಸರ ಉಳಿಸಿ ಎಂದು ಕೇಳಿಕೊಂಡ ಫಲಕಕ್ಕೆ ಸುಮಾರು ಶೇ. 35 ಅತಿಥಿಗಳು ಸ್ಪಂದಿಸಿದ್ದರೆ, ಹೆಚ್ಚಿನ ಅತಿಥಿಗಳು ಹೀಗೆ ಮಾಡುತ್ತಾರೆ ಎಂದ ಫಲಕಕ್ಕೆ ಶೇ. 44ರಷ್ಟು ಮಂದಿ ಸ್ಪಂದಿಸಿದರು. ಮುಂದಿನ ಪ್ರಯೋಗದಲ್ಲಿ ‘ಇದೇ ಕೋಣೆಯಲ್ಲಿ ಉಳಿದವರು’ ಎಂದು ಬರೆದಾಗ ಆ ಪ್ರಮಾಣ ಶೇ. 49ಕ್ಕೆ ಮುಟ್ಟಿತು. ಹಾಗಾಗಿ ‘ಸಾವಿರಾರು ಗ್ರಾಹಕರು’ ಎನ್ನುವ ಬದಲು ಬೆಂಗಳೂರಿನ ಫ್ಲ್ಯಾಟಿನಲ್ಲಿ ಮಕ್ಕಳೊಂದಿಗೆ ಇರುವ ಒಬ್ಬ ತಾಯಿ, ಎರಡನೇ ಸಲ ತರಿಸಿದಾಗ ನಿಮಗೆ ಬರೆದ ವಾಟ್ಸಾಪ್ ಸಂದೇಶವನ್ನೇ, ಅವರ ಒಪ್ಪಿಗೆ ಪಡೆದು, ಇದ್ದಂತೆಯೇ ತೋರಿಸಿ. ‘ಬಾಟಲಿಯ ತಳದಲ್ಲಿ ಸಿಪ್ಪೆಯ ಚೂರು ಕುಳಿತಿದ್ದು ನೋಡಿ ಕೆಟ್ಟಿದೆ ಎಂದುಕೊಂಡಿದ್ದೆ, ಅಲ್ಲಾಡಿಸಿದ ಮೇಲೆ ಸರಿಹೋಯಿತು’ ಎಂದು ಯಾರಾದರೂ ಬರೆದಿದ್ದರೆ ಆ ಸಾಲನ್ನು ಖಂಡಿತ ಅಳಿಸಬೇಡಿ. ಮುಂದೆ ಕೊಳ್ಳುವವನಿಗೂ ಅದೇ ಸಂದೇಹ ಬರುತ್ತದೆ, ಮತ್ತು ಅವನು ಮಾರುವವರ ಉತ್ತರಕ್ಕಿಂತ ಕೊಂಡವರ ಉತ್ತರವನ್ನು ಬೇಗ ನಂಬುತ್ತಾನೆ. ಬಣ್ಣ ಹಣ್ಣಿನದೇ ಹೌದೇ, ಸಕ್ಕರೆ ಎಷ್ಟಿದೆ, ತೆರೆದ ಮೇಲೆ ಎಷ್ಟು ದಿನ ಇರುತ್ತದೆ, ಒಂದು ಲೋಟಕ್ಕೆ ಎಷ್ಟು ಹಾಕಬೇಕು: ಕೇಳಿದ ಪ್ರಶ್ನೆಗಳನ್ನೆಲ್ಲ ಗುರುತು ಹಾಕಿಕೊಂಡು, ಒಂದೊಂದಕ್ಕೂ ಒಬ್ಬೊಬ್ಬ ಗಿರಾಕಿಯ ಮಾತು ಸಿಗುತ್ತದೆಯೇ ಎಂದು ನೋಡಿ.

ಇನ್ನೊಂದನ್ನು ಒತ್ತಿ ಹೇಳಬೇಕೆನಿಸುತ್ತದೆ, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಇದು ಬಹಳ ನಡೆಯುತ್ತಿದೆ. ‘ಈಗಿನವರು ಮುರುಗಲನ್ನು ಮರೆತಿದ್ದಾರೆ, ಯಾರೂ ಕೊಳ್ಳುತ್ತಿಲ್ಲ, ದಯವಿಟ್ಟು ಉಳಿಸಿ’ ಎಂಬ ಬಗೆಯ ಪ್ರಚಾರವನ್ನು ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಾರೆ, ಆದರೆ ಓದಿದವನ ತಲೆಯಲ್ಲಿ ಉಳಿಯುವುದು ‘ಯಾರೂ ಕೊಳ್ಳುತ್ತಿಲ್ಲ’ ಎಂಬ ಮಾತು. ಅಮೆರಿಕದ ಅರಿಜೋನಾದಲ್ಲಿ ಕಲ್ಲಾದ ಮರಗಳಿರುವ ಪೆಟ್ರಿಫೈಡ್ ಫಾರೆಸ್ಟ್ ಎಂಬ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿ ಸಂಶೋಧಕರು ಗುರುತು ಮಾಡಿಟ್ಟ ಚೂರುಗಳ ಪಕ್ಕದಲ್ಲಿ, ಹಿಂದೆ ಬಂದ ಬಹಳ ಮಂದಿ ಚೂರುಗಳನ್ನು ಒಯ್ದು ಕಾಡನ್ನು ಹಾಳುಮಾಡಿದ್ದಾರೆ ಎಂಬ ಫಲಕವನ್ನು ಇಟ್ಟಾಗ ಸುಮಾರು ಶೇ. 8 ಚೂರುಗಳು ಕಳವಾದವು. ದಯವಿಟ್ಟು ಒಯ್ಯಬೇಡಿ ಎಂದಷ್ಟೇ ಬರೆದಾಗ ಶೇ. 2ಕ್ಕಿಂತ ಕಡಿಮೆ. ನಿಮ್ಮ ಲೇಬಲ್ ಮೇಲೆ ಅಳಿವಿನ ಮಾತು ಬೇಡ. ಕರಾವಳಿಯ ಮನೆಗಳಲ್ಲಿ ಬೇಸಿಗೆಯ ಊಟದ ಜೊತೆ ಇಂದಿಗೂ ಮುರುಗಲಿನ ಕಡಿ (ತೆಳುವಾದ ಹುಳಿ ಸಾರು) ಇರುತ್ತದೆ ಎಂದು ಬರೆಯಿರಿ. ಅದು ನಿಜವೂ ಹೌದು.

ಉತ್ತರ 2: ಚಾಲಿ ರಾಶಿ, ಶಿರಸಿ

ಮೇಲಿನವರ ಮಾತಿಗೆ ಶಿರಸಿಯಿಂದ ಒಂದು ಸೇರ್ಪಡೆ. 1923ರಲ್ಲಿ ಆರಂಭವಾದ, ಅಡಿಕೆ ಬೆಳೆಗಾರರ ಸಹಕಾರ ಸಂಘವಾದ ತೋಟಗಾರ್ಸ್ ಸೇಲ್ ಸೊಸೈಟಿಯ ವಖಾರಿಯಲ್ಲಿ ಅಡಿಕೆಯ ಟೆಂಡರ್ ನಡೆಯುವುದನ್ನು ನೋಡಿದವರಿಗೆ ಇದು ಗೊತ್ತು: ವ್ಯಾಪಾರಿಯು ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ತೆಗೆದು, ಬಣ್ಣ ನೋಡಿ, ಒಂದನ್ನು ಒಡೆದು ನೋಡಿ ತನ್ನ ದರವನ್ನು ಬರೆಯುತ್ತಾನೆ. ಒಬ್ಬ ಬರೆದ ದರ ಇನ್ನೊಬ್ಬನಿಗೆ ಕಾಣುವುದಿಲ್ಲ. ಪಕ್ಕದವನನ್ನು ನೋಡಿ ದರ ಹಾಕುವುದಕ್ಕೆ ಆ ಪದ್ಧತಿಯಲ್ಲಿ ಅವಕಾಶವೇ ಇಲ್ಲದ ಕಾರಣ, ಬೆಳೆಗಾರನ ಮಾಲಿಗೆ ಅದರ ಗುಣದ ಮೇಲೆ ಬೆಲೆ ಸಿಗುವ ಸಾಧ್ಯತೆ ಹೆಚ್ಚು.

ಇದನ್ನು ಹೇಳಲು ಕಾರಣವಿದೆ. 2006ರಲ್ಲಿ ಸಲ್ಗಾನಿಕ್, ಡಾಡ್ಸ್ ಮತ್ತು ವಾಟ್ಸ್ ಅವರು ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನರಿಗೆ ಹೆಸರು ಕೇಳಿರದ ತಂಡಗಳ 48 ಹಾಡುಗಳನ್ನು ಕೇಳಿಸಿದರು. ಹಿಂದಿನವರು ಯಾವ ಹಾಡನ್ನು ಎಷ್ಟು ಸಲ ಇಳಿಸಿಕೊಂಡಿದ್ದಾರೆಂದು ಕಾಣಿಸಿದ ಗುಂಪುಗಳಲ್ಲಿ ಕೆಲವೇ ಹಾಡುಗಳು ಬಹಳ ಮುಂದೆ ಹೋದವು, ಮತ್ತು ಮುಂದೆ ಹೋದ ಹಾಡು ಗುಂಪಿನಿಂದ ಗುಂಪಿಗೆ ಬೇರೆಯಾಗುತ್ತಿತ್ತು. ತೀರ ಚೆನ್ನಾಗಿದ್ದ ಹಾಡುಗಳು ನೆಲಕಚ್ಚಿದ್ದು ಅಪರೂಪ, ತೀರ ಕಳಪೆಯಾದವು ಗೆದ್ದದ್ದೂ ಅಪರೂಪ. ನಡುವಿನವುಗಳ ಗತಿ ಏನಾಗುವುದೆಂದು ಮೊದಲೇ ಹೇಳುವಂತಿರಲಿಲ್ಲ. ಎಣಿಕೆಯ ಬಲದಿಂದ ಬಂದ ಗಿರಾಕಿ ಎಣಿಕೆಯ ಬಲದಿಂದಲೇ ಇನ್ನೊಬ್ಬರ ಕಡೆಗೆ ಹೋಗುತ್ತಾನೆ. ನಿಮ್ಮಲ್ಲಿ ಮತ್ತೆ ಮತ್ತೆ ತರಿಸುವವರು ಇದ್ದಾರೆಂದರೆ ರುಚಿಯೇ ನಿಮ್ಮ ಬಲ. ಆದ್ದರಿಂದ, ಮೇಳದಲ್ಲೋ ಶಿರಸಿಯ ಮಾರಿಕಾಂಬಾ ಜಾತ್ರೆಯಲ್ಲೋ ಅಂಗಡಿ ಹಾಕಿದಾಗ ಒಂದು ಚಿಕ್ಕ ಲೋಟ ಕುಡಿಸಿ ನೋಡಿ. ಕುಡಿಯುತ್ತ ನಿಂತ ನಾಲ್ಕು ಜನರೇ ಐದನೆಯವನನ್ನು ಕರೆಯುತ್ತಾರೆ, ಮತ್ತು ಆ ಐದನೆಯವನು ಕೊಳ್ಳುವ ಮೊದಲು ತನ್ನ ನಾಲಗೆಯಿಂದಲೂ ಪರೀಕ್ಷಿಸಿರುತ್ತಾನೆ.

ಉತ್ತರ 3: ಕಾಳಿ ಸಂಗಮ, ಕಾರವಾರ

ಎಣಿಕೆಯನ್ನು ಹೀಗೆ ಬದಿಗಿಡುವುದನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ನಮ್ಮದು ಹೋಮ್‌ಸ್ಟೇ, ಅತಿಥಿಯು ಬರುವ ಮುಂಚೆ ರುಚಿ ನೋಡಲು ಸಾಧ್ಯವಿಲ್ಲದ ವ್ಯಾಪಾರ. ಇಲ್ಲಿ ಒಂದೂ ರಿವ್ಯೂ ಇಲ್ಲದಿರುವುದಕ್ಕೂ ಐದಾರು ಇರುವುದಕ್ಕೂ ಬಹಳ ಅಂತರವಿದೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಸ್ಪೀಗೆಲ್ ಸಂಶೋಧನಾ ಕೇಂದ್ರದ 2017ರ ವರದಿಯೂ ಇದನ್ನೇ ಹೇಳುತ್ತದೆ: ಮೊದಲ ಕೆಲವು ರಿವ್ಯೂಗಳ ಪ್ರಭಾವವೇ ದೊಡ್ಡದು, ಮತ್ತು ಕೊಳ್ಳುವ ಸಾಧ್ಯತೆ ಅತಿ ಹೆಚ್ಚಾಗುವುದು ರೇಟಿಂಗ್ 4.0ರಿಂದ 4.7ರ ನಡುವೆ ಇರುವಾಗ. 5ಕ್ಕೆ ಹತ್ತಿರವಾದಂತೆ ಜನರಿಗೆ ಅನುಮಾನ ಶುರುವಾಗುತ್ತದೆ. ನಿಮಗೆ ಬೇಕಾದದ್ದು ಇನ್ನೂರಲ್ಲ. ನಿಜವಾದ ಹತ್ತು ಸಾಕು, ಮತ್ತು ಅವು ನಿಮ್ಮ ನೂರು ಮನೆಗಳಲ್ಲೇ ಇವೆ.

ಕಾನೂನಿನ ಮಾತನ್ನು ಯಾರೂ ಎತ್ತಲಿಲ್ಲವಾದ್ದರಿಂದ ಹೇಳುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸುಳ್ಳು ಅಥವಾ ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 10 ಲಕ್ಷ ರೂಪಾಯಿಯವರೆಗೆ, ಮತ್ತೆ ಅದೇ ತಪ್ಪು ಮಾಡಿದರೆ 50 ಲಕ್ಷದವರೆಗೆ ದಂಡ ಹಾಕಬಹುದು. ‘ಸಾವಿರಾರು ಗ್ರಾಹಕರು’ ಎಂಬ ಲೇಬಲ್ ಕೂಡ ಜಾಹೀರಾತೇ. ಡಾರ್ಕ್ ಪ್ಯಾಟರ್ನ್‌ಗಳನ್ನು, ಅಂದರೆ ಆನ್‌ಲೈನ್‌ನಲ್ಲಿ ಕೊಳ್ಳುವವರನ್ನು ದಾರಿತಪ್ಪಿಸುವ ತಂತ್ರಗಳನ್ನು, ತಡೆಯಲು 2023ರ ನವೆಂಬರ್‌ನಲ್ಲಿ ಬಂದ ಮಾರ್ಗಸೂಚಿಗಳು, ಇಲ್ಲದ ಜನಪ್ರಿಯತೆಯನ್ನು ತೋರಿಸಿ ಕೊಳ್ಳುವವರ ತೀರ್ಮಾನವನ್ನು ತಿರುಗಿಸುವುದನ್ನು ಹೆಸರಿಸಿಯೇ ನಿಷೇಧಿಸಿವೆ. ಆನ್‌ಲೈನ್ ರಿವ್ಯೂಗಳನ್ನು ಹೇಗೆ ಸಂಗ್ರಹಿಸಿ ಪ್ರಕಟಿಸಬೇಕೆಂಬುದಕ್ಕೆ ಭಾರತೀಯ ಮಾನಕ ಸಂಸ್ಥೆಯ ಐಎಸ್ 19000:2022 ಎಂಬ ಮಾನದಂಡವೂ ಇದೆ. ಹಾಗೆಯೇ, ರಿವ್ಯೂ ಬರೆದರೆ ಒಂದು ಬಾಟಲಿ ಉಚಿತ ಎಂಬ ಆಮಿಷವನ್ನು ಗೂಗಲ್ ಮ್ಯಾಪ್‌ನ ನಿಯಮಗಳು ಒಪ್ಪುವುದಿಲ್ಲ. ಅಂಥ ರಿವ್ಯೂಗಳನ್ನು ತೆಗೆದುಹಾಕಬಹುದು.

ಪ್ರಶ್ನೆ ಕೇಳಿದವರಿಂದ: ಘಟ್ಟದಬುಡ, ಕುಮಟಾ

ಮೂವರಿಗೂ ಧನ್ಯವಾದಗಳು. ಆ ಪ್ರಚಾರಕರಿಗೆ ಬೇಡವೆಂದು ತಿಳಿಸುತ್ತೇವೆ. ಉಳಿದದ್ದು ಒಂದೇ ಸಂದೇಹ: ರಿವ್ಯೂ ಕೇಳುವುದಕ್ಕೆ ಸರಿಯಾದ ಸಮಯ ಯಾವುದು? ಬಾಟಲಿ ತಲುಪಿದ ದಿನವೇ ಕೇಳಿದರೆ ‘ಚೆನ್ನಾಗಿದೆ’ ಎಂಬ ಒಂದೇ ಪದದ ಉತ್ತರ ಬರುತ್ತದೆ.

ಉತ್ತರ 1ರ ಲೇಖಕರಿಂದ: ಗಂಗಾವಳಿ ದಂಡೆ, ಅಂಕೋಲಾ

ಎರಡನೇ ಬಾಟಲಿಗೆ ಆರ್ಡರ್ ಬಂದಾಗ ಕೇಳಿ. ಆ ಹೊತ್ತಿಗೆ ಅವರು ಮೊದಲನೆಯದನ್ನು ಮುಗಿಸಿರುತ್ತಾರೆ, ಮನೆಗೆ ಬಂದವರಿಗೂ ಕೊಟ್ಟಿರುತ್ತಾರೆ. ‘ಹೇಗಿತ್ತು’ ಎನ್ನುವ ಬದಲು ‘ಕೊಳ್ಳುವ ಮುಂಚೆ ನಿಮಗಿದ್ದ ಅನುಮಾನ ಏನು, ಅದು ಏನಾಯಿತು’ ಎಂದು ಕೇಳಿದರೆ ನಾಲ್ಕು ಸಾಲಾದರೂ ಬರೆಯುತ್ತಾರೆ. ಹೆಸರು ಮತ್ತು ಊರನ್ನು ಹಾಕಬಹುದೇ ಎಂದು ಅದೇ ಸಂದೇಶದಲ್ಲಿ ಕೇಳಿ, ಅವರು ಕೊಟ್ಟ ಉತ್ತರವನ್ನು ಅಳಿಸದೆ ಇಟ್ಟುಕೊಳ್ಳಿ. ಹೆಸರು ಬೇಡವೆಂದವರದ್ದಕ್ಕೆ ಊರನ್ನಷ್ಟೇ ಹಾಕಿ.