ಅಂಗೈಯಲ್ಲಿ ಹುರಿಗಟ್ಟಿ ಬೆರಳು ಬಾಗಿವೆ: ಆಪರೇಷನ್ ಯಾವಾಗ, ಯಾವುದು?

ಕೇಳಿದವರು, ಗೋಕಾಕ ತಾಲ್ಲೂಕು

ನಮ್ಮ ಅಪ್ಪಾರಿಗೆ 64 ವರ್ಷ. ಬಲಗೈ ಉಂಗುರ ಬೆರಳು, ಕಿರುಬೆರಳು ಅಂಗೈ ಕಡೆ ಬಾಗ್ಯಾವ. ಅಂಗೈಯಾಗ ಹುರಿಯಂಗ ಗಟ್ಟಿ ಕೈಗೆ ಹತ್ತತೈತಿ, ನೋವಿಲ್ಲ. ಮುಖಾ ತೊಳಿಯೂವಾಗ ಬೆರಳು ಕಣ್ಣಿಗೆ ತಿವೀತೈತಿ. ಸಕ್ಕರಿ ಕಾಯಿಲೆ ಐತಿ, ಹೃದಯಕ್ಕ ರಕ್ತ ತೆಳು ಮಾಡೋ ಗುಳಿಗಿನೂ ನಡದಾವ. ಎಣ್ಣಿ ತಿಕ್ಕ್ರಿ ಅಂತಾರ, ಸೂಜಿಲೆ ಬಿಡಸ್ತಾರ ಅಂತಾರ, ಕೊಯ್ಯಬೇಕು ಅಂತಾರ. ತಿಳದವರು ಹೇಳ್ರಿ.

ಕೈ ಶಸ್ತ್ರಚಿಕಿತ್ಸೆ ಮಾಡುವವರು, ಬೆಳಗಾವಿ

ನೀವು ಹೇಳಿದ ಲಕ್ಷಣ ಡ್ಯೂಪಿಟ್ರಾನ್ ಕಾಯಿಲೆಗೆ ಹೊಂದುತ್ತದೆ. ಅಂಗೈ ಚರ್ಮದ ಕೆಳಗಿನ ನಾರಿನ ಪದರ ದಪ್ಪಗಾಗಿ, ಕುಗ್ಗಿ, ಬೆರಳನ್ನು ಒಳಕ್ಕೆ ಎಳೆಯುತ್ತದೆ. ಬೆರಳು ಮಡಚುವ ಸ್ನಾಯುರಜ್ಜುವಿಗೆ ಏನೂ ಆಗಿರುವುದಿಲ್ಲ. ಆದ್ದರಿಂದಲೇ ಮುಷ್ಟಿ ಕಟ್ಟಲು ಬರುತ್ತದೆ, ಬಿಚ್ಚಲು ಬರುವುದಿಲ್ಲ. ಎಣ್ಣೆ ತಿಕ್ಕುವುದರಿಂದಾಗಲಿ ಎಳೆಯುವುದರಿಂದಾಗಲಿ ಆ ಪದರ ಸಡಿಲವಾಗದು.

ಆದರೆ ಬಾಗಿದ ಬೆರಳೆಲ್ಲ ಇದೇ ಕಾಯಿಲೆಯಲ್ಲ. ಇನ್ನೊಂದು ಕೈಯಿಂದ ಹಿಡಿದರೆ ಬೆರಳು ಸಲೀಸಾಗಿ ನೇರವಾಗುತ್ತಿದ್ದು, ಕಿರುಬೆರಳ ಕಡೆ ಸ್ಪರ್ಶ ಮಂದವಾಗಿದ್ದರೆ ಅದು ಅಲ್ನಾರ್ ನರದ (ಮೊಣಕೈ ಹಿಂದಿನಿಂದ ಕಿರುಬೆರಳಿಗೆ ಬರುವ ನರ) ತೊಂದರೆ. ಕುಷ್ಠರೋಗದಲ್ಲೂ ಹೀಗಾಗುತ್ತದೆ, ಅದರ ಔಷಧಿ, ಆಪರೇಷನ್ ಎರಡೂ ಬೇರೆ. ಟಕ್ಕನೆ ಸಿಕ್ಕಿಕೊಂಡು ಬಿಟ್ಟುಕೊಂಡರೆ ಟ್ರಿಗರ್ ಫಿಂಗರ್. ನಮಸ್ಕಾರ ಮಾಡಿದಾಗ ಎರಡೂ ಕೈಗಳ ಬೆರಳುಗಳ ನಡುವೆ ಸಂದು ಉಳಿದು, ಅಂಗೈಯಲ್ಲಿ ಹುರಿ ಕಾಣದಿದ್ದರೆ ಸಕ್ಕರೆ ಕಾಯಿಲೆಯ ಕೀಲುಬಿಗಿತ.

ಮನೆಯಲ್ಲೇ ಅಂಗೈಯನ್ನು ಮೇಜಿನ ಮೇಲೆ ಮಗುಚಿ ಒತ್ತಿಸಿ ನೋಡಿ. ಅಂಗೈ, ಬೆರಳು ಒಟ್ಟಿಗೆ ಮಟ್ಟಸವಾಗಿ ಕೂರದಿದ್ದರೆ ತೋರಿಸಿ. ಆಮೇಲೆ ಯಾವ ಕೀಲು ಬಾಗಿದೆ ಎಂಬುದೇ ದೊಡ್ಡ ಪ್ರಶ್ನೆ. ಬುಡದ ಕೀಲು 30 ಡಿಗ್ರಿ ದಾಟಿ ಬಾಗಿದಾಗ ಸಾಮಾನ್ಯವಾಗಿ ಆಪರೇಷನ್ ಮಾತು ಬರುತ್ತದೆ. ಅದರ ಪಕ್ಕದ ಕಟ್ಟುಗಳು ಮಡಚಿದಾಗಲೇ ಉದ್ದಕ್ಕೆ ಎಳೆದುಕೊಂಡಿರುತ್ತವೆ, ಹಾಗಾಗಿ ತಡವಾದರೂ ಅದು ಬಹುಮಟ್ಟಿಗೆ ನೇರವಾಗುತ್ತದೆ. ನಡುವಿನ ಕೀಲು ಹಾಗಲ್ಲ. ಬಾಗಿದ ಸ್ಥಿತಿಯಲ್ಲೇ ಅದರ ಕಟ್ಟುಗಳು ಮೊಟಕಾಗಿ ಅಂಟಿಕೊಳ್ಳುತ್ತವೆ. ಹುರಿ ತೆಗೆದರೂ ಕೀಲು ಬಿಚ್ಚದು. ನಡುವಿನ ಕೀಲು ಬಾಗಲು ಶುರುವಾಗಿದ್ದರೆ ಮುಂದಿನ ಸುಗ್ಗಿ ಮುಗಿಯಲಿ ಎಂದು ತಳ್ಳಬೇಡಿ. ಇದೊಂದೇ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ.

ಸೂಜಿ ವಿಧಾನದಲ್ಲಿ ಚರ್ಮಕ್ಕಷ್ಟೇ ಸ್ವಲ್ಪ ಮರಗಟ್ಟುವ ಮದ್ದು ಕೊಟ್ಟು, ಸೂಜಿಯ ಮೊನೆಯಿಂದ ಹುರಿಯನ್ನು ಅಲ್ಲಲ್ಲಿ ಕತ್ತರಿಸಿ, ಬೆರಳನ್ನು ನೇರ ಮಾಡುತ್ತಾರೆ. ಇಡೀ ಬೆರಳು ಮರಗಟ್ಟದಂತೆ ನೋಡಿಕೊಳ್ಳುವುದು ಬೇಕೆಂದೇ: ಸೂಜಿ ನರದ ಹತ್ತಿರ ಬಂದರೆ ರೋಗಿಗೆ ಝುಮ್ಮೆನ್ನಬೇಕು, ಅವರು ಹೇಳಬೇಕು. ಅರ್ಧ ಗಂಟೆಯ ಕೆಲಸ, ಕೆಲವೇ ದಿನಗಳಲ್ಲಿ ಕೈ ಬಳಕೆಗೆ ಬರುತ್ತದೆ. ಬುಡದ ಕೀಲಿನ ಒಂಟಿ ಹುರಿಗೆ, ದೊಡ್ಡ ಆಪರೇಷನ್ ತಡೆಯಲಾರದವರಿಗೆ ಒಳ್ಳೆಯದು. ಆದರೆ ಮರಳಿ ಬರುವುದು ಹೆಚ್ಚು. 2012ರಲ್ಲಿ ಪ್ರಕಟವಾದ ನೆದರ್‌ಲ್ಯಾಂಡ್ಸ್‌ನ ಅಧ್ಯಯನದಲ್ಲಿ 5 ವರ್ಷದೊಳಗೆ ಸೂಜಿ ಗುಂಪಿನಲ್ಲಿ ಶೇ 85, ಹುರಿ ತೆಗೆದವರಲ್ಲಿ ಶೇ 21 ಮರುಕಳಿಸಿತ್ತು. ಹುರಿಯನ್ನು ಕರಗಿಸುವ ಕೊಲಾಜಿನೇಸ್ ಇಂಜೆಕ್ಷನ್‌ಗೆ ಅಮೆರಿಕದಲ್ಲಿ 2010ರಲ್ಲಿ ಅನುಮತಿ ಸಿಕ್ಕಿತು. ಯುರೋಪಿನ ಮಾರುಕಟ್ಟೆಯಿಂದ 2020ರಲ್ಲಿ ಕಂಪನಿಯೇ ಅದನ್ನು ಹಿಂದೆ ತೆಗೆದುಕೊಂಡಿತು. ಅದಕ್ಕಾಗಿ ಕಾಯುತ್ತ ಕೂರಬೇಡಿ.

ಆಪರೇಷನ್ ಥಿಯೇಟರ್ ನರ್ಸ್

ಹುರಿ ತೆಗೆಯುವ ಆಪರೇಷನ್ ಬಗ್ಗೆ. ಭುಜ ಅಥವಾ ಕಂಕುಳ ಹತ್ತಿರ ಇಂಜೆಕ್ಷನ್ ಕೊಟ್ಟು ತೋಳಷ್ಟೇ ಮರಗಟ್ಟಿಸುತ್ತಾರೆ, ಪೂರ್ತಿ ಮಂಪರು ಬೇಕಾಗಿಲ್ಲ. ತೋಳಿಗೆ ಪಟ್ಟಿ ಕಟ್ಟಿ ಸುಮಾರು 250 ಮಿ.ಮೀ. ಒತ್ತಡದಲ್ಲಿ ರಕ್ತ ನಿಲ್ಲಿಸಿ, ಭೂತಗನ್ನಡಿ ಹಾಕಿಕೊಂಡು ಕೆಲಸ. ಭೂತಗನ್ನಡಿ ಯಾಕೆಂದರೆ ಹುರಿ ಬೆರಳಿನ ನರಕ್ಕೆ ಸುತ್ತಿಕೊಂಡು, ಅದನ್ನು ನಡುಭಾಗಕ್ಕೆ, ಚರ್ಮದ ಹತ್ತಿರಕ್ಕೆ ಎಳೆದು ತಂದಿರಬಹುದು. ನರ ಇರಬೇಕಾದ ಜಾಗದಲ್ಲಿ ಇರುವುದಿಲ್ಲ, ಕತ್ತರಿ ತಗಲುವುದು ಅಲ್ಲೇ.

ಗಾಯವನ್ನು ಅಂಕುಡೊಂಕಾಗಿ ಕೊಯ್ಯುತ್ತಾರೆ, ಇಲ್ಲವೇ ನೇರ ಕೊಯ್ದು ಝಡ್ ಆಕಾರದಲ್ಲಿ ತಿರುಗಿಸಿ ಹೊಲಿಯುತ್ತಾರೆ. ಬೆರಳಿನುದ್ದಕ್ಕೂ ನೇರ ಕಲೆ ಬಿದ್ದರೆ ಆ ಕಲೆಯೇ ಕುಗ್ಗಿ ಮತ್ತೆ ಬಾಗಿಸುತ್ತದೆ. ಚರ್ಮ ಸಾಲದಿದ್ದರೆ ತೋಳಿನ ಒಳಭಾಗದಿಂದಲೋ ತೊಡೆಸಂದಿನಿಂದಲೋ ಪೂರ್ಣದಪ್ಪ ಚರ್ಮ ತಂದು ಹೊಲಿಯುತ್ತಾರೆ. ಅಂಗೈಯ ಅಡ್ಡಗಾಯವನ್ನು ಹೊಲಿಯದೆ ಬಿಡುವ ಪದ್ಧತಿಯೂ ಇದೆ. ರಕ್ತ ಒಳಗೆ ಕಟ್ಟುವುದಿಲ್ಲ, 3ರಿಂದ 5 ವಾರದಲ್ಲಿ ತಾನೇ ತುಂಬಿಕೊಳ್ಳುತ್ತದೆ. ತೆರೆದ ಗಾಯ ನೋಡಿ ಮನೆಯವರು ಗಾಬರಿಯಾಗುತ್ತಾರೆ, ಮೊದಲೇ ಕೇಳಿಕೊಂಡಿರಿ.

ಹೊಲಿಯುವ ಮೊದಲು ಪಟ್ಟಿ ಸಡಿಲಿಸಿ ರಕ್ತಸ್ರಾವ, ಬೆರಳ ಬಣ್ಣ ಎರಡನ್ನೂ ನೋಡುವುದು ಬಹಳ ಮುಖ್ಯ. ಬಹುಕಾಲ ಮಡಚಿದ್ದ ರಕ್ತನಾಳ ಒಮ್ಮೆಲೇ ಎಳೆದುಕೊಂಡು ಬೆರಳು ಬಿಳುಚಬಹುದು. ಆಗ ಬೆರಳನ್ನು ಸ್ವಲ್ಪ ಮಡಚಿ, ಬೆಚ್ಚಗೆ ಮಾಡಿ ಕಾಯುತ್ತಾರೆ. ಮನೆಗೆ ಬಂದ ಮೇಲೆ ಬೆರಳ ತುದಿ ನೀಲಿ ಅಥವಾ ಬಿಳಿಯಾದರೆ, ಕಟ್ಟಿನೊಳಗೆ ನೋವು ಹೆಚ್ಚುತ್ತಲೇ ಹೋದರೆ ರಾತ್ರಿಯಾದರೂ ಹೊರಡಿ.

ಹೃದಯದ ಗುಳಿಗೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿದ್ದರೆ ಅದು ಪ್ರಾಣಕ್ಕೇ ಬರಬಹುದು. ಹೃದಯದ ಡಾಕ್ಟರರಿಂದ ಚೀಟಿ ಬರೆಸಿಕೊಂಡು ಹೋಗಿ. ಎಚ್‌ಬಿಎ1ಸಿ (ಕಳೆದ ಎರಡು–ಮೂರು ತಿಂಗಳ ಸಕ್ಕರೆ ಮಟ್ಟ ತೋರಿಸುವ ರಕ್ತಪರೀಕ್ಷೆ) ಶೇ 8ಕ್ಕಿಂತ ಕೆಳಗೆ ಬರುವವರೆಗೆ ಮುಂದೂಡುವುದು ವಾಡಿಕೆ, ಗಾಯ ಮಾಯಬೇಕಲ್ಲ. ತಂಬಾಕು ಇದ್ದರೆ ಬಿಡಿಸಿ.

ಫಿಜಿಯೋಥೆರಪಿಸ್ಟ್, ವಿಜಯಪುರ

ಮೊದಲ 3–5 ದಿನ ಕೈಯನ್ನು ಎದೆಗಿಂತ ಮೇಲೆ ಇಡಿ. ಕೊರಳಿಗೆ ಜೋಲಿ ಕಟ್ಟಿ ಇಳಿಬಿಟ್ಟರೆ ಊತ ಇಳಿಯದು. ಮೊದಲ ಡ್ರೆಸ್ಸಿಂಗ್ ಬಿಚ್ಚಿದ ದಿನದಿಂದಲೇ ಬೆರಳಾಡಿಸುವುದು ಶುರು: ಪೂರ್ತಿ ಬಿಚ್ಚಿ, ಪೂರ್ತಿ ಮುಷ್ಟಿ, ಸಲಕ್ಕೆ 10, ದಿನಕ್ಕೆ 5–6 ಸಲ. ಚರ್ಮ ಕಸಿ ಮಾಡಿದ್ದರೆ ಮಾತ್ರ ಅದು ಹಿಡಿಯಲು ವಾರ, ಹತ್ತು ದಿನ ಕಾಯಬೇಕು. ಹೊಲಿಗೆ ತೆಗೆಯುವುದು 12–14 ದಿನಕ್ಕೆ.

ರಾತ್ರಿ ಹಾಕುವ ಸ್ಪ್ಲಿಂಟ್ (ಬೆರಳನ್ನು ನೇರ ಹಿಡಿಯುವ ಗಟ್ಟಿ ಆಸರೆ) 3ರಿಂದ 6 ತಿಂಗಳು. ಎಲ್ಲರಿಗೂ ಬೇಕೋ, ಬೆರಳು ಮತ್ತೆ ಬಾಗತೊಡಗಿದವರಿಗಷ್ಟೇ ಸಾಕೋ ಎಂಬಲ್ಲಿ ವೈದ್ಯರಲ್ಲೇ ಎರಡು ಮತ. ಹಾಕುವುದಾದರೆ ಗಾಯ ಎಳೆಯದಷ್ಟೇ ನೇರವಿರಲಿ. ಮೊದಲ ವಾರದಲ್ಲೇ ಬಲವಾಗಿ ನೇರ ಕಟ್ಟಿದರೆ ಚರ್ಮ ಬಿಳುಚಿ ಸಾಯುತ್ತದೆ, ಕೈ ಊದಿ ಬಿಗಿಯುತ್ತದೆ. ಎರಡನೇ, ಮೂರನೇ ವಾರದಲ್ಲಿ ಇಡೀ ಕೈ ಕೆಂಪಾಗಿ, ಬಿಸಿಯಾಗಿ, ಮುಟ್ಟಿದರೆ ಉರಿಯುವಂತಾದರೆ ವ್ಯಾಯಾಮ ಹೆಚ್ಚಿಸಬೇಡಿ, ತಕ್ಷಣ ತೋರಿಸಿ.

ರೊಟ್ಟಿ ತಿನ್ನುವುದು, ಗುಂಡಿ ಹಾಕಿಕೊಳ್ಳುವುದು ಮೂರನೇ ವಾರಕ್ಕೆ ಆದೀತು. ಸಲಿಕೆ, ಗುದ್ದಲಿ, ಹಿಂಡುವ ಕೆಲಸಕ್ಕೆ 6ರಿಂದ 8 ವಾರ ಬೇಕು.

ಪ್ಲಾಸ್ಟಿಕ್ ಸರ್ಜರಿ ವಿಭಾಗದವರು, ಬಾಗಲಕೋಟೆ

ಮುಧೋಳ, ಜಮಖಂಡಿ ಕಡೆ ಆಲೆಮನೆಯಲ್ಲಿ ಕುದಿಯುವ ಬೆಲ್ಲ ಬಿದ್ದು ಬೆರಳು ಬಾಗಿದವರೂ ಇದನ್ನು ಓದಬಹುದು, ಅವರಿಗೆ ಲೆಕ್ಕ ಬೇರೆ. ಅಲ್ಲಿ ಹುರಿಯಲ್ಲ, ಕಲೆಯೇ ಕುಗ್ಗಿರುತ್ತದೆ. ಕಲೆ ಬಿಡಿಸಿ, ಚರ್ಮ ಕಸಿ ಮಾಡಿ, ಬೆರಳೊಳಗೆ ಸಣ್ಣ ತಂತಿ ಹಾಕಿ 2–3 ವಾರ ನೇರ ಹಿಡಿಯುತ್ತಾರೆ. ಆಮೇಲೆ ಒತ್ತಡದ ಕೈಗವಸು ದಿನಕ್ಕೆ 23 ಗಂಟೆ, ಹಲವು ತಿಂಗಳು. ಇದನ್ನು ಬಿಟ್ಟವರ ಬೆರಳು ಮತ್ತೆ ಬಾಗುತ್ತದೆ. ಮಕ್ಕಳಲ್ಲಿ ಕೈ ಬೆಳೆದಷ್ಟೂ ಕಲೆ ಬೆಳೆಯದು, ಎರಡನೇ ಆಪರೇಷನ್ ಬೇಕಾಗಬಹುದು.

ಆಸ್ಪತ್ರೆ ಸಮಾಜ ಕಾರ್ಯಕರ್ತೆ, ಬೆಳಗಾವಿ

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಬಳಸುವುದಾದರೆ ಆಧಾರ್, ರೇಷನ್ ಕಾರ್ಡ್ ಜೊತೆಗೆ ಸರಕಾರಿ ಆಸ್ಪತ್ರೆಯ ರೆಫರಲ್ ಚೀಟಿಯನ್ನು ಮೊದಲೇ ತನ್ನಿ. ಭರ್ತಿಯಾದ ಮೇಲೆ ಓಡಾಡಿದರೆ ತಡವಾಗುತ್ತದೆ. ಬೆಳಗಾವಿಯ ಬಿಮ್ಸ್ (ಸರಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ), ಕೆ.ಎಲ್.ಇ. ಪ್ರಭಾಕರ ಕೋರೆ ಆಸ್ಪತ್ರೆ, ವಿಜಯಪುರದ ಬಿ.ಎಲ್.ಡಿ.ಇ., ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆ, ಎಲ್ಲಿ ಹೋದರೂ ಒ.ಪಿ.ಡಿ.ಯಲ್ಲಿ ಎರಡು ಪ್ರಶ್ನೆ ಕೇಳಿ: ಈ ಕೈ ಆಪರೇಷನ್ ಮಾಡುವವರು ವಾರದ ಯಾವ ದಿನ ಕೂರುತ್ತಾರೆ? ಸ್ಪ್ಲಿಂಟ್ ಇಲ್ಲೇ ಮಾಡಿಕೊಡುತ್ತೀರಾ? ಎರಡನೆಯದಕ್ಕೆ ಉತ್ತರ ಇಲ್ಲ ಎಂದಾದರೆ, ತಾರೀಖು ಬರೆಸುವ ಮೊದಲೇ ಸ್ಪ್ಲಿಂಟ್ ಎಲ್ಲಿ ಆಗುತ್ತದೆ ಎಂದು ಗೊತ್ತುಮಾಡಿಕೊಳ್ಳಿ.