ಅಮೆರಿಕದಲ್ಲಿ ಬಾಡಿಗೆ ಆರ್‌ವಿ ಪ್ರವಾಸ: ಕ್ಯಾಂಪ್‌ಗ್ರೌಂಡ್ ಡಿಸ್ಕೌಂಟ್ ಕಾರ್ಡ್ ಬೇಕಾ? ಪಾರ್ಕ್ ಆರಿಸುವುದು ಹೇಗೆ?

ಬೇಳದ ಅಕ್ಕ:

ಅಕ್ಟೋಬರಿನಲ್ಲಿ ನಾವಿಬ್ಬರು ಲಾಸ್ ವೇಗಸ್‌ನಲ್ಲಿರುವ ಮಗನ ಮನೆಗೆ ಹೋಗುವವರು. ಅಲ್ಲಿಂದ ಆರ್‌ವಿ (ಮಲಗಲಿಕ್ಕೆ, ಅಡುಗೆಗೆ ಸೌಕರ್ಯ ಇರುವ ಗಾಡಿ) ಬಾಡಿಗೆಗೆ ಹಿಡಿದು ಝಯಾನ್, ಬ್ರೈಸ್ ನ್ಯಾಶನಲ್ ಪಾರ್ಕುಗಳು, ಪೇಜ್ ಊರು, ಗ್ರ್ಯಾಂಡ್ ಕ್ಯಾನ್ಯನಿನ ಸೌತ್ ರಿಮ್ (ದಕ್ಷಿಣದ ಅಂಚು) ನೋಡಿ ವಾಪಸ್ ಅಂತ ಅಂದಾಜು. ಒಂಬತ್ತು ರಾತ್ರಿ. ಗಾಡಿ 25 ಅಡಿಯ ಕ್ಲಾಸ್ ಸಿ, ಅಂದರೆ ಮಧ್ಯಮ ಗಾತ್ರದ್ದು. ಮಗ, ಸೊಸೆ, ಆರು ವರ್ಷದ ಮೊಮ್ಮಗಳು ಸೇರಿ ಐದು ಜನ. ಡ್ರೈವಿಂಗ್ ಮಗನದ್ದೇ.

ಪಾಸ್‌ಪೋರ್ಟ್ ಅಮೆರಿಕ, ಗುಡ್ ಸ್ಯಾಮ್, ಕೆಒಎ (ಖಾಸಗಿ ಕ್ಯಾಂಪ್‌ಗ್ರೌಂಡುಗಳ ಸರಣಿ) ಈ ಮೂರು ಡಿಸ್ಕೌಂಟ್ ಕಾರ್ಡನ್ನೂ ತೆಗೆದುಕೊಂಡುಬಿಡುವ ಅಂತ ಸೊಸೆ ಹೇಳ್ತಾಳೆ. ಅಷ್ಟು ಉಪಯೋಗ ಉಂಟಾ? ಪಾರ್ಕುಗಳ ಫೋಟೊ ನೋಡಿದರೆ ಎಲ್ಲವೂ ಚಂದವೇ ಕಾಣ್ತದೆ, ಆರಿಸುವುದು ಹೇಗೆ? ಮತ್ತೆ ಊಟದ್ದು. ಇವರಿಗೆ ಕುಚ್ಚಲಕ್ಕಿ ಅನ್ನ ಇಲ್ಲದೆ ಆಗುವುದಿಲ್ಲ. ಮಿಕ್ಸಿ ಇಲ್ಲಿಂದಲೇ ಕೊಂಡುಹೋಗಬಹುದಾ?

---

ಚಂದ್ರಗಿರಿ ಹೊಳೆಬದಿ:

ಅಕ್ಕ, ಮೊದಲು ಒಂಬತ್ತು ರಾತ್ರಿಯ ಪಟ್ಟಿ ಬರೆಯಿರಿ, ಕಾರ್ಡಿನ ವಿಷಯ ಆಮೇಲೆ. ನೀವು ಹೇಳಿದ ದಾರಿಯಲ್ಲಿ ಒಳ್ಳೆಯ ಜಾಗಗಳೆಲ್ಲ ನ್ಯಾಶನಲ್ ಪಾರ್ಕಿನ ಒಳಗೆ. ಝಯಾನಿನ ವಾಚ್‌ಮನ್ ಕ್ಯಾಂಪ್‌ಗ್ರೌಂಡಿನಂಥವನ್ನು ಬುಕ್ ಮಾಡುವುದು ಸರಕಾರದ ರಿಕ್ರಿಯೇಶನ್ ಡಾಟ್ ಗವ್ ತಾಣದಲ್ಲಿ, ಅಲ್ಲಿ ಈ ಮೂರರಲ್ಲಿ ಯಾವ ಕಾರ್ಡೂ ನಡೆಯುವುದಿಲ್ಲ. ಹಾಗಾಗಿ ಕಾರ್ಡ್ ಕೆಲಸಕ್ಕೆ ಬರುವುದು ಹೊರಗಿನ ಖಾಸಗಿ ಪಾರ್ಕಿನಲ್ಲಿ ಕಳೆಯುವ ನಾಲ್ಕೋ ಐದೋ ರಾತ್ರಿಗೆ ಮಾತ್ರ.

ಪಾಸ್‌ಪೋರ್ಟ್ ಅಮೆರಿಕದ ವರ್ಷದ ಚಂದಾ ಸುಮಾರು 50 ಡಾಲರ್, ರಿಯಾಯಿತಿ ಅರ್ಧಕ್ಕರ್ಧ. 60 ಡಾಲರಿನ ಸೈಟಿಗೆ (ಗಾಡಿ ನಿಲ್ಲಿಸುವ ಜಾಗಕ್ಕೆ) 30 ಉಳಿಯಿತು ಅಂದರೆ ಎರಡೇ ರಾತ್ರಿಯಲ್ಲಿ ಚಂದಾ ಹುಟ್ಟಿತು. ಕೇಳಲಿಕ್ಕೆ ಭಾರೀ ಲಾಭ. ಆದರೆ ಪ್ರತಿ ಪಾರ್ಕಿಗೂ ಅದರದ್ದೇ ಶರತ್ತು: ಭಾನುವಾರದಿಂದ ಗುರುವಾರ ಮಾತ್ರ, ಒಂದು ಅಥವಾ ಎರಡು ರಾತ್ರಿ ಮಾತ್ರ, ಸೀಸನ್‌ನಲ್ಲಿ ಇಲ್ಲ, ರಜೆಯ ದಿನ ಇಲ್ಲ. ಅಕ್ಟೋಬರ್ ಆ ಕಡೆ ಇನ್ನೂ ಸೀಸನ್ನೇ. ಕಾರ್ಡ್ ಕೊಳ್ಳುವ ಮೊದಲೇ ಅವರ ತಾಣದಲ್ಲಿ ನಿಮ್ಮ ಊರುಗಳ ಪಾರ್ಕ್ ಹುಡುಕಿ, ಶರತ್ತಿನ ಸಾಲು ಓದಿ. ಹಲವು ಕಡೆ ಆನ್‌ಲೈನಿನಲ್ಲಿ ಬುಕ್ ಮಾಡಿದರೆ ಈ ರಿಯಾಯಿತಿ ಸಿಗುವುದಿಲ್ಲ. ಫೋನ್ ಮಾಡಿ, ಕಾರ್ಡಿನ ಹೆಸರನ್ನು ಮೊದಲೇ ಹೇಳಿ, ಇಂಥ ತಾರೀಕಿಗೆ ನಡೆಯುತ್ತದಾ ಎಂದು ಕೇಳಬೇಕು. ಗೇಟಿಗೆ ಹೋಗಿ ಕಾರ್ಡ್ ತೋರಿಸಿದರೆ ಜಗಳ ಅಷ್ಟೆ.

ಗುಡ್ ಸ್ಯಾಮ್ ಮತ್ತು ಕೆಒಎ ಎರಡೂ ಹತ್ತು ಶೇಕಡಾದ ವ್ಯವಹಾರ. ಗುಡ್ ಸ್ಯಾಮಿನ ಹಣ ಕೊಡುವ ಸದಸ್ಯತ್ವ 40 ಡಾಲರಿನ ಆಸುಪಾಸು. 60 ಡಾಲರಿನ ಸೈಟಿಗೆ 6 ಉಳಿತಾಯ, ಅಂದರೆ ಚಂದಾ ಹುಟ್ಟಲಿಕ್ಕೆ ಏಳು ರಾತ್ರಿ ಬೇಕು. ಕೆಒಎದ್ದು 36ರ ಹತ್ತಿರ, ಅವರ ಸೈಟು ದುಬಾರಿ ಆದ್ದರಿಂದ 80ಕ್ಕೆ 8 ಉಳಿಯುತ್ತದೆ, ಐದು ರಾತ್ರಿ ಸಾಕು. ನಿಮಗೆ ಐದು ರಾತ್ರಿ ಕೆಒಎದಲ್ಲಿ ಮಲಗುವ ಯೋಗ ಈ ದಾರಿಯಲ್ಲಿ ಇಲ್ಲ.

ಹೆಚ್ಚಿನವರು ಮರೆಯುವ ಒಂದು ಸಂಗತಿ: ಕೆಒಎ ಮತ್ತು ಎಷ್ಟೋ ಖಾಸಗಿ ಪಾರ್ಕುಗಳಲ್ಲಿ ಮೂಲ ದರ ಇಬ್ಬರಿಗೆ. ಮೂರನೆಯವರಿಂದ ತಲೆಗೆ ಇಷ್ಟು ಅಂತ ಸೇರಿಸ್ತಾರೆ. ನೀವು ಐದು ಜನ. ಹತ್ತು ಶೇಕಡಾ ಉಳಿಸಿದ್ದನ್ನು ಈ ತಲೆಲೆಕ್ಕ ನುಂಗಿ ನೀರು ಕುಡಿಯುತ್ತದೆ. ಬುಕ್ ಮಾಡುವಾಗ ಐದು ಜನ ಅಂತ ಹಾಕಿ, ತೆರಿಗೆ ಸೇರಿದ ಕೊನೆಯ ಮೊತ್ತವನ್ನೇ ಪಾರ್ಕಿನಿಂದ ಪಾರ್ಕಿಗೆ ಹೋಲಿಸಿ.

ಮಗನಿಗೆ ಕಾರಿನ ಬ್ರೇಕ್‌ಡೌನ್ ಸೇವೆಗೆಂದು ಎಎಎ ಸದಸ್ಯತ್ವ ಇದ್ದೀತು, ಅಲ್ಲಿ ತುಂಬ ಜನರಿಗೆ ಇರ್ತದೆ. ಹಲವು ಪಾರ್ಕುಗಳು ಅದಕ್ಕೂ ಹತ್ತು ಶೇಕಡಾ ಬಿಡ್ತಾರೆ. ಎರಡು ರಿಯಾಯಿತಿ ಒಟ್ಟಿಗೆ ಕೊಡುವ ಪದ್ಧತಿ ಇಲ್ಲ.

ಎಸ್ಕೇಪೀಸ್, ಥೌಸಂಡ್ ಟ್ರೇಲ್ಸ್ ಅಂತ ಇನ್ನೂ ಹೆಸರು ಕೇಳೀರಿ. ಅವು ತಿಂಗಳುಗಟ್ಟಲೆ ಆರ್‌ವಿಯಲ್ಲೇ ಇರುವವರಿಗೆ.

---

ಕುಂಬಳೆ ಕರಾವಳಿ:

ಹಾರ್ವೆಸ್ಟ್ ಹೋಸ್ಟ್ಸ್ ಯಾರೂ ಹೇಳಲಿಲ್ಲ? ವರ್ಷಕ್ಕೆ ಒಮ್ಮೆ ಚಂದಾ ಕಟ್ಟಿದರೆ ತೋಟ, ವೈನರಿ, ಡೈರಿ ಇಂಥ ಜಾಗಗಳಲ್ಲಿ ರಾತ್ರಿ ಬಾಡಿಗೆ ಇಲ್ಲದೆ ನಿಲ್ಲಿಸಬಹುದು. ಒಂಬತ್ತರಲ್ಲಿ ಮೂರು ರಾತ್ರಿ ಹಾಗೆ ಮಾಡಿದರೆ ಒಳ್ಳೆ ಉಳಿತಾಯ ಅಲ್ವಾ?

---

ಚಂದ್ರಗಿರಿ ಹೊಳೆಬದಿ:

ಭಾವ, ಅದು ಅವರಿಗೆ ಸರಿಹೋಗುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ಒಂದೇ ರಾತ್ರಿ. ಕರೆಂಟ್, ನೀರು, ಡ್ರೈನೇಜ್ ಸಿಗುತ್ತದೆಂದು ಲೆಕ್ಕ ಹಿಡಿಯಲಿಕ್ಕಿಲ್ಲ. ಬಾಡಿಗೆ ಇಲ್ಲ ಅಂದರೂ ಅವರ ಅಂಗಡಿಯಲ್ಲಿ ಏನಾದರೂ ಕೊಳ್ಳುವುದು ಮರ್ಯಾದೆ. ಅದರ ಮೇಲೆ ಬಾಡಿಗೆ ಗಾಡಿಯಲ್ಲಿ ಜನರೇಟರ್ ಓಡಿಸಿದ್ದಕ್ಕೆ ಗಂಟೆಲೆಕ್ಕದಲ್ಲಿ ಹಣ ಹಾಕ್ತಾರೆ. ಐದು ಜನ ಒಂದು ರಾತ್ರಿಯಲ್ಲಿ ಬಳಸುವ ನೀರು ಟ್ಯಾಂಕಿನಲ್ಲೇ ಉಳಿದು ಮರುದಿನ ಕೊಳೆನೀರು ಬಿಡುವ ಡಂಪ್ ಸ್ಟೇಶನ್ ಹುಡುಕಿಕೊಂಡು ಹೋಗಬೇಕು. ಸ್ವಂತ ಗಾಡಿ, ಸೋಲಾರ್, ಇಬ್ಬರೇ ಇದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

---

ಪೆರ್ಲದವ:

ಪಾರ್ಕ್ ಆರಿಸುವ ಬಗ್ಗೆ ನಾನು ಬರೀತೇನೆ.

ಫೋಟೊ ಬಿಡಿ, ಸ್ಯಾಟಲೈಟ್ ಮ್ಯಾಪ್ ತೆರೆಯಿರಿ. ಮೊದಲು ನೋಡಬೇಕಾದ್ದು ರೈಲು ಹಳಿ. ಹಳಿ ಎಷ್ಟು ಹತ್ತಿರ ಅನ್ನುವುದಕ್ಕಿಂತ ಲೆವೆಲ್ ಕ್ರಾಸಿಂಗ್ ಎಷ್ಟು ಹತ್ತಿರ ಅನ್ನುವುದು ಮುಖ್ಯ. ಅಮೆರಿಕದಲ್ಲಿ ಹೆಚ್ಚಿನ ಕ್ರಾಸಿಂಗಿಗೆ 15ರಿಂದ 20 ಸೆಕೆಂಡು ಮೊದಲೇ ಹಾರ್ನ್ ಹಾಕಬೇಕೆಂಬ ಕಾನೂನು ಉಂಟು: ಎರಡು ಉದ್ದ, ಒಂದು ಗಿಡ್ಡ, ಮತ್ತೊಂದು ಉದ್ದ, ರಾತ್ರಿ ಎರಡು ಗಂಟೆಗೂ ಬಿಡುವುದಿಲ್ಲ. ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೋಗುವವರು ವಿಲಿಯಮ್ಸ್ ಊರಲ್ಲಿ ನಿಲ್ಲುವುದು ಹೆಚ್ಚು. ಅಲ್ಲಿ ಐ-40 ಹೆದ್ದಾರಿಯೂ ಗೂಡ್ಸ್ ರೈಲಿನ ಹಳಿಯೂ ಉಂಟು. ಸೌತ್ ರಿಮ್ ಅಲ್ಲಿಂದ ಇನ್ನೂ 60 ಮೈಲಿ, ನಮ್ಮ ಲೆಕ್ಕದಲ್ಲಿ 96 ಕಿಲೋಮೀಟರ್. ಅಗ್ಗದ ಸೈಟ್ ಅಂತ ಅಲ್ಲಿ ನಿಂತು ದಿನಾ ಹೋಗಿ ಬಂದರೆ 120 ಮೈಲಿ. ಈ ಗಾಡಿಗಳು ಗ್ಯಾಲನಿಗೆ 8ರಿಂದ 10 ಮೈಲಿ ಕೊಡುವುದು, ಅಂದರೆ 12–15 ಗ್ಯಾಲನ್ ಪೆಟ್ರೋಲ್ ಹೊಗೆ. ಬಾಡಿಗೆ ಕಂಪೆನಿಯ ಮೈಲಿ ಚಾರ್ಜ್ ಬೇರೆ. ಪಾರ್ಕಿನ ಒಳಗಿನ ಟ್ರೇಲರ್ ವಿಲೇಜ್‌ನಲ್ಲಿ ಕರೆಂಟ್, ನೀರು, ಡ್ರೈನ್ ಮೂರೂ ಉಂಟು. ದರ ಜಾಸ್ತಿ ಕಂಡರೂ ಕೊನೆಗೆ ಅದೇ ಅಗ್ಗ. ಪಕ್ಕದ ಮೇದರ್ ಕ್ಯಾಂಪ್‌ಗ್ರೌಂಡಿನಲ್ಲಿ ಈ ಸಂಪರ್ಕಗಳು (ಹುಕಪ್) ಇಲ್ಲ, ಎರಡನ್ನೂ ಬೆರಸಬೇಡಿ.

ಮ್ಯಾಪಿನಲ್ಲಿ ಇನ್ನೊಂದು ನೋಡಿ: ಗಾಡಿಗಳ ಪಕ್ಕ ಶೆಡ್ಡು, ಬೇಲಿ, ದೊಡ್ಡ ಗ್ಯಾಸ್ ಟ್ಯಾಂಕ್ ಕಂಡರೆ ಅದು ತಿಂಗಳ ಬಾಡಿಗೆಯವರ ಪಾರ್ಕ್. ಕೆಟ್ಟದ್ದೆಂದಲ್ಲ, ಆದರೆ ಒಂದು ರಾತ್ರಿಯ ಗಿರಾಕಿಗೆ ಮೂಲೆಯ ಸೈಟೇ ಗತಿ. ಅರ್ಧ ದರದ ಕಾರ್ಡಿನವರಿಗೂ ಕೆಲವು ಕಡೆ ಅದೇ ಮೂಲೆ.

ಗುಡ್ ಸ್ಯಾಮ್ ಸದಸ್ಯರಾಗದಿದ್ದರೂ ಅವರ ಅಂಕ ನೋಡಬಹುದು. ಪ್ರತಿ ಪಾರ್ಕಿಗೆ ಮೂರು ಸಂಖ್ಯೆ, ಪ್ರತಿಯೊಂದೂ ಹತ್ತರಲ್ಲಿ: ಮೊದಲನೆಯದು ಸೌಲಭ್ಯ, ಎರಡನೆಯದು ಟಾಯ್ಲೆಟ್-ಬಚ್ಚಲಿನ ಶುಚಿ, ಮೂರನೆಯದು ನೋಟ ಮತ್ತು ಪರಿಸರ. ಎರಡನೆಯದಕ್ಕೆ ನಕ್ಷತ್ರ ಇದ್ದರೆ ತೀರಾ ಶುಚಿ ಅಂತ. ಐದು ಜನ ಗಾಡಿಯ ಬಚ್ಚಲಲ್ಲೇ ಮೀಯಲು ಆಗುವುದಿಲ್ಲವಾದ್ದರಿಂದ ನಿಮಗೆ ಬೇಕಾದ್ದು ಆ ನಡುವಿನ ಸಂಖ್ಯೆ. ಮೊದಲನೆಯದು ಕಡಿಮೆ ಇದ್ದರೆ ಈಜುಕೊಳ ಇಲ್ಲ ಅಂತಷ್ಟೇ ಇರಬಹುದು.

ವಿಮರ್ಶೆ ಓದುವಾಗ ನಕ್ಷತ್ರ ಎಣಿಸಬೇಡಿ. ಇತ್ತೀಚಿನವುಗಳಲ್ಲಿ ಬ್ರೇಕರ್, ವೋಲ್ಟೇಜ್, ಲೆವೆಲ್, ಟ್ರೈನ್ ಈ ಪದಗಳನ್ನು ಹುಡುಕಿ. ವೈಫೈ ನಿಧಾನ ಅಂತ ಎಲ್ಲ ಪಾರ್ಕಿನ ಬಗ್ಗೆಯೂ ಬರೀತಾರೆ. ಆದರೆ ಬ್ರೇಕರ್ ಬೀಳ್ತದೆ ಅಂತ ಇಬ್ಬರು ಮೂವರು ಬರೆದಿದ್ದರೆ ಅಲ್ಲಿನ ವಯರಿಂಗ್ ಹಳತು.

ಕ್ಲಾಸ್ ಸಿ 25 ಅಡಿಗೆ ಸಾಮಾನ್ಯವಾಗಿ 30 ಆಂಪಿಯರಿನ ಪ್ಲಗ್. 50 ಆಂಪಿಯರ್ ಸೈಟಿಗೆ ಹೆಚ್ಚು ಹಣ ಕೊಟ್ಟು ಪ್ರಯೋಜನ ಇಲ್ಲ. ಹಿಂದೆ ತೆಗೆಯದೆ ನೇರ ಹೊಕ್ಕು ನೇರ ಹೊರಡುವ ಪುಲ್-ಥ್ರೂ ಸೈಟ್ ಕೇಳಿ, ಹೊಸ ಡ್ರೈವರಿಗೆ ಅದಕ್ಕೆ ಕೊಡುವ ಐದು-ಹತ್ತು ಡಾಲರ್ ದಂಡ ಅಲ್ಲ. ರದ್ದತಿಯ ನಿಯಮ ಓದಿ, ಎಷ್ಟೋ ಕಡೆ ಒಂದು ರಾತ್ರಿಯ ಹಣ ವಾಪಸ್ ಬರುವುದಿಲ್ಲ.

ಮುಖ್ಯ ಒಂದು: ಝಯಾನಿನಿಂದ ಬ್ರೈಸಿಗೆ ಮ್ಯಾಪ್ ತೋರಿಸುವ ಹತ್ತಿರದ ದಾರಿ ಮೌಂಟ್ ಕಾರ್ಮೆಲ್ ಸುರಂಗದಲ್ಲಿ ಹೋಗ್ತದೆ. 7 ಅಡಿ 10 ಇಂಚಿಗಿಂತ ಅಗಲ ಅಥವಾ 11 ಅಡಿ 4 ಇಂಚಿಗಿಂತ ಎತ್ತರದ ಗಾಡಿಗೆ 2026ರ ಜೂನ್‌ನಿಂದ ಆ ರಸ್ತೆ ಬಂದ್. ಕ್ಲಾಸ್ ಸಿ ಗಾಡಿ ಅಗಲದಲ್ಲೇ ಸಿಕ್ಕಿಬೀಳ್ತದೆ. ಐ-15ರಲ್ಲಿ ಸೀಡರ್ ಸಿಟಿ ದಾಟಿ ಯೂಟಾ 20 ರಸ್ತೆಯಲ್ಲಿ ಬಲಕ್ಕೆ ತಿರುಗಿ ಹೆದ್ದಾರಿ 89ಕ್ಕೆ ಸೇರಿ ಪ್ಯಾಂಗ್ವಿಚ್ ಮೂಲಕ ಹೋಗಿ. ಸೀಡರ್ ಸಿಟಿಯಿಂದಲೇ ಹೊರಡುವ ಯೂಟಾ 14 ಮ್ಯಾಪಿನಲ್ಲಿ ಹತ್ತಿರ ಕಾಣ್ತದೆ, ಭಾರೀ ಏರು, ಬೇಡ.

---

ಬೇಳದ ಅಕ್ಕ:

ಸುರಂಗದ ವಿಷಯ ಮಗನಿಗೆ ಗೊತ್ತೇ ಇರಲಿಲ್ಲ, ಈಗಲೇ ಕಳಿಸಿದೆ. ಅಡುಗೆಯದ್ದು ಯಾರಾದರೂ ಹೇಳಿ.

---

ಮಧುವಾಹಿನಿ:

ಅಕ್ಕ, ಊರಿನ ಮಿಕ್ಸಿ ಕೊಂಡುಹೋಗಬೇಡಿ. ನಮ್ಮದು 230 ವೋಲ್ಟಿನದ್ದು, ಅಲ್ಲಿ 120. ತಿರುಗಿದರೂ ಉದ್ದಿನಬೇಳೆ ಎದುರು ನಿಲ್ಲುವ ಶಕ್ತಿ ಇರುವುದಿಲ್ಲ, ಒತ್ತಿ ಹಿಡಿದರೆ ಮೋಟಾರ್ ಸುಡ್ತದೆ. ಅಲ್ಲಿನ ಇಂಡಿಯನ್ ಅಂಗಡಿಗಳಲ್ಲಿ 110 ವೋಲ್ಟಿನ ಮಿಕ್ಸಿ ಸಿಗ್ತದೆ, ಮಗನ ಮನೆಯಲ್ಲಿ ಇದ್ದೇ ಇರಬಹುದು. ಅದು ಕೂಡ ಸೈಟಿನ ಕರೆಂಟಿಗೆ ಸಿಕ್ಕಿಸಿದಾಗ ಮಾತ್ರ. ಬ್ಯಾಟರಿಯಲ್ಲಿ ಓಡುವುದಿಲ್ಲ.

30 ಆಂಪಿಯರ್ ಅಂದರೆ 3600 ವಾಟ್, ಗಾಡಿಗೆ ಇಡೀ ಅಷ್ಟೇ. ಮೇಲಿನ ಎಸಿ 12ರಿಂದ 15 ಆಂಪಿಯರ್ ಎಳೀತದೆ, ಮೈಕ್ರೋವೇವ್ 12ರ ಹತ್ತಿರ, 1500 ವಾಟಿನ ಹೀಟರ್ ಅಥವಾ ಹೇರ್ ಡ್ರೈಯರ್ ಹನ್ನೆರಡೂವರೆ. ಎರಡು ಒಟ್ಟಿಗೆ ನಡೆದೀತು, ಮೂರನೆಯದು ಹಾಕಿದ ಕೂಡಲೇ ಬ್ರೇಕರ್ ಬೀಳ್ತದೆ. 1800 ವಾಟಿನ ಇಂಡಕ್ಷನ್ ಒಲೆ ಒಂದೇ 15 ತಿನ್ನುತ್ತದೆ, ಅದನ್ನು ಮನೆಯಲ್ಲೇ ಬಿಡಿ. ಗಾಡಿಯಲ್ಲಿ ಪ್ರೊಪೇನ್ ಗ್ಯಾಸಿನ ಒಲೆ ಉಂಟು.

ಕುಚ್ಚಲಕ್ಕಿಗೆ ಕುಕ್ಕರ್ ಕಡ್ಡಾಯ. ಸೌತ್ ರಿಮ್ ಸುಮಾರು 7000 ಅಡಿ, ಬ್ರೈಸಿನ ಅಂಚು 8000 ದಾಟ್ತದೆ. ಅಷ್ಟು ಎತ್ತರದಲ್ಲಿ ನೀರು 92–93 ಡಿಗ್ರಿಗೇ ಕುದೀತದೆ. ತೆರೆದ ಪಾತ್ರೆಯಲ್ಲಿ ಕುಚ್ಚಲಕ್ಕಿ ಬೇಯಲಿಕ್ಕೆ ಊರಿಗಿಂತ ತುಂಬ ಹೊತ್ತು ಬೇಕು, ಗ್ಯಾಸ್ ಖಾಲಿ. ರಾತ್ರಿಯೇ ನೆನೆಹಾಕಿ, ಕುಕ್ಕರಿನಲ್ಲಿ ಊರಿಗಿಂತ ಎರಡು ಮೂರು ಸೀಟಿ ಹೆಚ್ಚು ಕೊಡಿ.

ಬಸಿದ ಗಂಜಿ ನೀರನ್ನು ಸಿಂಕಿಗೆ ಚೆಲ್ಲಬೇಡಿ. ಸಿಂಕು, ಬಚ್ಚಲಿನ ನೀರು ಹೋಗುವುದು ಗ್ರೇ ಟ್ಯಾಂಕಿಗೆ, ಟಾಯ್ಲೆಟಿನದ್ದು ಬ್ಲ್ಯಾಕ್ ಟ್ಯಾಂಕಿಗೆ. ಗಂಜಿಯೂ ಒಗ್ಗರಣೆಯ ಎಣ್ಣೆಯೂ ಸೇರಿದರೆ ಗ್ರೇ ಟ್ಯಾಂಕ್ ಎರಡೇ ದಿನದಲ್ಲಿ ಬ್ಲ್ಯಾಕಿಗಿಂತ ಹೆಚ್ಚು ನಾರ್ತದೆ. ಪಾತ್ರೆಯ ಜಿಡ್ಡನ್ನು ಪೇಪರಿನಲ್ಲಿ ಒರೆಸಿ ಆಮೇಲೆ ತೊಳೆಯಿರಿ. ಸಿಂಕಿಗೆ ಜಾಲರಿ ಇಡಿ, ಕರಿಬೇವು, ಕಾಯಿತುರಿ ಒಳಗೆ ಹೋಗದ ಹಾಗೆ. 30 ಗ್ಯಾಲನಿನ ಟ್ಯಾಂಕ್ ಅಂದರೆ 113 ಲೀಟರ್, ಐದು ಜನರಿಗೆ ಏನೂ ಅಲ್ಲ.

ಟಾಯ್ಲೆಟಿನಲ್ಲಿ ನೀರು ಬಳಸುವುದಕ್ಕೆ ತೊಂದರೆ ಇಲ್ಲ, ಟ್ಯಾಂಕಿಗೆ ಒಳ್ಳೆಯದೇ, ಬೇಗ ತುಂಬ್ತದೆ ಅಷ್ಟೆ. ವೆಟ್ ವೈಪ್ಸ್ ಮಾತ್ರ ಹಾಕಬಾರದು. ಡ್ರೈನ್ ಇರುವ ಸೈಟಿನಲ್ಲಿ ಬ್ಲ್ಯಾಕ್ ವಾಲ್ವ್ ತೆರೆದೇ ಬಿಡುವುದು ದೊಡ್ಡ ತಪ್ಪು: ನೀರೆಲ್ಲ ಹರಿದುಹೋಗಿ ಗಟ್ಟಿ ಭಾಗ ಅಲ್ಲೇ ಗುಡ್ಡೆ ಬೀಳ್ತದೆ. ಮೂರರಲ್ಲಿ ಎರಡು ಪಾಲು ತುಂಬುವವರೆಗೆ ಮುಚ್ಚಿಡಿ. ಬಿಡುವಾಗ ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಸೋಪಿನ ನೀರು ಪೈಪನ್ನು ತೊಳೆಯುತ್ತದೆ. ಖಾಲಿಯಾದ ಬ್ಲ್ಯಾಕ್ ಟ್ಯಾಂಕಿಗೆ ನಾಲ್ಕೈದು ಗ್ಯಾಲನ್ ನೀರು ಬಿಟ್ಟು ಇಡಿ. ಕೈಗವಸು ಬೇಕೇ ಬೇಕು.

ವಾಚ್‌ಮನ್‌ನಲ್ಲಿ ಕೆಲವು ಸೈಟಿಗೆ ಕರೆಂಟ್ ಉಂಟು, ಸೈಟಿಗೆ ನೀರಿನ, ಡ್ರೈನಿನ ಸಂಪರ್ಕ ಇಲ್ಲ, ಸ್ನಾನದ ವ್ಯವಸ್ಥೆಯೂ ಇಲ್ಲ. ಒಳಹೋಗುವ ಮೊದಲೇ ಶುದ್ಧ ನೀರು ಪೂರ್ತಿ ತುಂಬಿಸಿ, ಎರಡೂ ಟ್ಯಾಂಕ್ ಖಾಲಿ ಮಾಡಿ.

ನೀರಿನ ಹೋಸಿಗೆ ಒತ್ತಡ ತಗ್ಗಿಸುವ 40–50 ಪಿಎಸ್‌ಐ ರೆಗ್ಯುಲೇಟರ್ ಹಾಕದೆ ನಲ್ಲಿ ತಿರುಗಿಸಬೇಡಿ, ಕೆಲವು ಪಾರ್ಕಿನ ಒತ್ತಡಕ್ಕೆ ಗಾಡಿಯೊಳಗಿನ ಜಾಯಿಂಟ್ ಬಿಡ್ತದೆ. ಬ್ರೈಸಿನಲ್ಲಿ ಅಕ್ಟೋಬರ್ ರಾತ್ರಿ ಸೊನ್ನೆಗಿಂತ ಕೆಳಗೆ ಇಳೀತದೆ. ಸಂಜೆ ಹೋಸ್ ಬಿಚ್ಚಿ ನೀರು ಬಸಿದು ಒಳಗಿಡಿ, ರಾತ್ರಿಗೆ ಟ್ಯಾಂಕಿನ ನೀರು, ಪಂಪ್ ಸಾಕು.

---

ಪೆರ್ಲದವ:

ಒಂದು ಬಿಟ್ಟುಹೋಯಿತು. 62 ವರ್ಷ ಆದವರಿಗೆ ನ್ಯಾಶನಲ್ ಪಾರ್ಕ್ ಪ್ರವೇಶದ ಸೀನಿಯರ್ ಪಾಸ್ ಉಂಟು, ಸರಕಾರಿ ಕ್ಯಾಂಪ್‌ಗ್ರೌಂಡಿನಲ್ಲಿ ಅದಕ್ಕೆ ಹಲವು ಕಡೆ ಅರ್ಧ ದರ ಅಂತ ಯಾರಾದರೂ ಹೇಳ್ತಾರೆ. ಅದು ಅಮೆರಿಕದ ಪ್ರಜೆಗಳಿಗೂ ಗ್ರೀನ್ ಕಾರ್ಡಿನವರಿಗೂ ಮಾತ್ರ, ವಿಸಿಟರ್ ವೀಸಾದಲ್ಲಿ ಹೋಗುವ ನಿಮಗೆ ಸಿಗುವುದಿಲ್ಲ. 2026ರಿಂದ ವಿದೇಶಿಯರ ವಾರ್ಷಿಕ ಪಾಸ್ 250 ಡಾಲರ್. ಪಾಸ್ ಇಲ್ಲದೆ ಹೋದರೆ 11 ಪಾರ್ಕುಗಳಲ್ಲಿ 16 ವರ್ಷ ಆದ ಪ್ರತಿ ವಿದೇಶಿಗನಿಗೆ 100 ಡಾಲರ್ ಹೆಚ್ಚುವರಿ. ಝಯಾನ್, ಬ್ರೈಸ್, ಗ್ರ್ಯಾಂಡ್ ಕ್ಯಾನ್ಯನ್ ಮೂರೂ ಆ ಪಟ್ಟಿಯಲ್ಲಿವೆ. ಮಗ ಅಲ್ಲಿನ ನಿವಾಸಿ, ಅವನದ್ದು 80 ಡಾಲರಿನ ಪಾಸ್. ನೀವಿಬ್ಬರೂ ಅದೇ ಗಾಡಿಯಲ್ಲಿರುವಾಗ ಲೆಕ್ಕ ಹೇಗೆ ಅಂತ ಪಾರ್ಕಿನ ಪುಟದಲ್ಲಿ ಓದಿಕೊಂಡೇ ಪಾಸ್ ಕೊಳ್ಳಲಿ. ಡಿಸ್ಕೌಂಟ್ ಕಾರ್ಡಿನಲ್ಲಿ ಉಳಿಯುವುದಕ್ಕಿಂತ ದೊಡ್ಡ ಮೊತ್ತ ಇಲ್ಲಿ ಉಂಟು.

ವಾಚ್‌ಮನ್ ಬುಕಿಂಗ್ ತೆರೆಯುವುದು ಆರು ತಿಂಗಳು ಮೊದಲು. ತಾರೀಕು ದಾಟಿದ್ದರೂ ಬಿಡಬೇಡಿ, ರದ್ದಾದ ಸೈಟುಗಳು ವಾಪಸ್ ಬರ್ತಾ ಇರ್ತವೆ. ಅದೇ ತಾಣದಲ್ಲಿ ಅಲರ್ಟ್ ಹಾಕಿಡಲಿ, ವಾರದ ನಡುವಿನ ರಾತ್ರಿ ಹುಡುಕಲಿ.