ಪಾರ್ಕಿನಲ್ಲಿ ಮಳೆನೀರು ಇಂಗಿಸುವ ತಗ್ಗು: ಆಳ ಎಷ್ಟಿರಬೇಕು?

ಪ್ರಶ್ನೆ: ಬೆಂಗಳೂರಿನ ನಮ್ಮ ಬಡಾವಣೆಯ ಪಾರ್ಕಿಗೆ ಸುಮಾರು 1,000 ಚದರ ಮೀಟರ್ ರಸ್ತೆಯ ನೀರು ಹರಿದು ಬರುತ್ತದೆ. ಚರಂಡಿಗೆ ಬಿಡದೆ ಅಲ್ಲೇ ಇಂಗಿಸಬೇಕು ಅಂತಿದ್ದೇವೆ. ತಗ್ಗಿನ ಆಳ ಎಷ್ಟಿರಲಿ? ಸೊಳ್ಳೆ ಆಗದಂತೆ ಏನು ಮಾಡಬೇಕು?

ಉತ್ತರ: ಸರ್, ಮೊದಲು ಲೆಕ್ಕ. 50 ಮಿ.ಮೀ. ಮಳೆ ಬಿದ್ದರೆ 50,000 ಲೀಟರ್. ಐದನೇ ಒಂದು ಪಾಲು ಕಳೆದರೂ 40,000. ತಗ್ಗು 15 ಸೆಂ.ಮೀ. ಸಾಕು. 100 ಚದರ ಮೀಟರ್ ಜಾಗ ಕೊಟ್ಟರೆ 15,000 ಲೀಟರ್ ನಿಲ್ಲುತ್ತದೆ, ಮಿಕ್ಕಿದ್ದಕ್ಕೆ ಕೋಡಿ ಇಡಿ. ಜಾಗ ಕಡಿಮೆ ಅಂತ ಆಳ ಮಾತ್ರ ಹೆಚ್ಚಿಸಬೇಡಿ.

ನಿಮ್ಮ ಮಣ್ಣು ನೀರನ್ನು ಎಷ್ಟು ಬೇಗ ಹೀರುತ್ತದೆ ಅಂತ ನೋಡಲು ಒಂದು ಅಡಿ ಗುಂಡಿ ತೋಡಿ ನೀರು ತುಂಬಿ, ಇಂಗಿದ ಮೇಲೆ ಮತ್ತೆ ತುಂಬಿ ಅಳೆಯಿರಿ. ಗಂಟೆಗೆ 2.5 ಸೆಂ.ಮೀ. ಇಳಿದರೆ ತಗ್ಗು ಆರೇ ಗಂಟೆಯಲ್ಲಿ ಖಾಲಿ. ಸೊಳ್ಳೆ ಮರಿ ಬೆಳೆಯಲು ಸುಮಾರು ವಾರ ಬೇಕು, ಹಾಗಾಗಿ ಆ ಅಂಜಿಕೆ ಬೇಡ. ಇಳಿಯದ ಜೇಡಿಯಾದರೆ ಮೇಲೆ ಮರಳು ಬೆರೆಸಿದರಷ್ಟೇ ಸಾಲದು. ಬಟ್ಟಲಿನಂತೆ ನೀರು ಅಡಿಯಲ್ಲೇ ಉಳಿಯುತ್ತದೆ. ತೂತಿನ ಪೈಪು ಹಾಕಿ ಹೊರಗೆ ಒಯ್ಯಿರಿ.

ಇನ್ನೊಂದು ಉತ್ತರ: ಇಂಥ ತಗ್ಗು ಕೆಡುವುದು ಬಹುತೇಕ ಹೂಳಿನಿಂದ. ರಸ್ತೆಯ ನುಣುಪು ಧೂಳು ಮಣ್ಣಿನ ಮೇಲೆ ಕೆನೆಗಟ್ಟಿದಂತೆ ಕೂತು ರಂಧ್ರ ಮುಚ್ಚುತ್ತದೆ. ನೀರು ಒಳಬರುವಲ್ಲಿ ಚಿಕ್ಕ ಹೂಳುಗುಂಡಿ ಕಟ್ಟಿ, ಮುಂಗಾರಿಗೆ ಮೊದಲು ಬಳಿದು ತೆಗೆಯಿರಿ. ತಗ್ಗಿನೊಳಗೆ ಜೆಸಿಬಿ ಇಳಿಸಲೇಬೇಡಿ, ಮಣ್ಣು ಗಟ್ಟಿಯಾಗುತ್ತದೆ. ಲಾವಂಚ ನೆಡಿ, ನೆರೆಯನ್ನೂ ಬೇಸಿಗೆಯನ್ನೂ ತಾಳುತ್ತದೆ.

ಮತ್ತೊಂದು: ಕೋಡಿ ನೀರಿಗೆ ಇಂಗುಬಾವಿ ತೋಡುವುದಾದರೆ 3 ಅಡಿ ಅಗಲ, 20 ಅಡಿ ಆಳದ್ದು ಒಮ್ಮೆಗೆ ಸುಮಾರು 4,000 ಲೀಟರ್ ಹಿಡಿಯುತ್ತದೆ. ತಳಕ್ಕೆ ಕಾಂಕ್ರೀಟ್ ಬೇಡ. ಒಳಚರಂಡಿ ನೀರು ಸೇರುವ ಸಂಶಯವಿದ್ದರೆ ಬಾವಿಯೇ ಬೇಡ.